ನೆರಳಿಲ್ಲದ ಒಂಬತ್ತು ಕಿಲೋಮೀಟರು

ಹರಿಹರ
ಇಸವಿ ೨೨೧೪, ಎರಡನೇ ಬೇಸಿಗೆಯ ನಲವತ್ತನೇ ದಿನ

ಇನ್ನೂರು ವರ್ಷ ಹಿಂದಿರುವ ನಿಮಗೆ ಸೂಲಗಿತ್ತಿ ಗಂಗಾಂಬಿಕೆಯ ನಮಸ್ಕಾರಗಳು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಬೆಳಗ್ಗೆ ಹತ್ತಕ್ಕೆ ಸೈರನ್ ಕೂಗಿದ ಮೇಲೆ ಸಂಜೆ ಐದರವರೆಗೆ ಯಾರೂ ಬಿಸಿಲಿಗೆ ಬೀಳಬಾರದು. ಆ ಹೊತ್ತಿಗೆ ಬಿಸಿಗಂಟೆ ಎನ್ನುತ್ತೇವೆ.

ನಿಮ್ಮ ಮೊಮ್ಮಕ್ಕಳು ತುಂಗಭದ್ರೆಯ ದಂಡೆಗುಂಟ ರೈಲು ಹಳಿ ಹಾಕುತ್ತಾರೆ. ಅವರ ಮೊಮ್ಮಕ್ಕಳು ಅದನ್ನು ಕಿತ್ತು ಸೈಕಲ್ ಹಾದಿ ಮಾಡುತ್ತಾರೆ. ಹರಿಹರದಿಂದ ಕೆಂಗಟ್ಟೆ ಎಂಬ ಹಳ್ಳಿಯವರೆಗೆ ಮೂವತ್ತೆರಡು ಕಿಲೋಮೀಟರು. ಪೇಟೆಯ ಗೋದಾಮುಗಳು ಮುಗಿದರೆ ಎಡಕ್ಕೆ ಹೊಳೆ, ಬಲಕ್ಕೆ ನವಣೆ ಹೊಲ. ರೈಲಿಗೆಂದು ಮಟ್ಟ ಮಾಡಿದ ನೆಲ, ಏರಿಲ್ಲ. ಅರವತ್ತೊಂದರ ನನ್ನ ಮೊಣಕಾಲಿಗೆ ಅದೇ ಪುಣ್ಯ. ಹಳೆಯ ಸ್ಟೇಷನ್‌ಗಳನ್ನು ಈಗ ತಂಗು ಎನ್ನುತ್ತೇವೆ; ಬಿಸಿಗಂಟೆಯಲ್ಲಿ ಸಿಕ್ಕಿಬಿದ್ದವರು ಒಳಗೆ ಸೇರಿಕೊಳ್ಳುವ ದಪ್ಪ ಗೋಡೆಯ ಮನೆಗಳು. ಹಾದಿಯುದ್ದಕ್ಕೂ ಹೊಂಗೆ ಮರಗಳಿವೆ. ಕೊನೆಯ ಒಂಬತ್ತು ಕಿಲೋಮೀಟರು ಮಾತ್ರ ಬೋಳು. ಹಳಿ ಕೀಳುವ ಯಂತ್ರಕ್ಕೆ ಜಾಗ ಬೇಕೆಂದು ಅಲ್ಲಿಯ ಮರ ಕಡಿದರಂತೆ. ಈಗ ನೆಟ್ಟರೆ ಸಸಿ ಬದುಕುವುದಿಲ್ಲ.

ಹೋದ ತಿಂಗಳು ಒಂದು ಮುಂಜಾನೆ ಕೆಂಗಟ್ಟೆಯ ದಾದಾಪೀರ್ ಸೈಕಲ್ ತುಳಿದುಕೊಂಡು ನನ್ನ ಬಾಗಿಲಿಗೆ ಬಂದ. ಅಂಗಿಯೆಲ್ಲ ಬೆವರು.

"ಶಕೀಲಾಗೆ ನೀರು ಹೋಗೈತವ್ವಾ. ಕೂಸಿನ ಕಾಲು ಮುಂದಾಗೈತಂತೆ. ಹಳ್ಯಾಗಿನ ಹೆಂಗಸ್ರು ಕೈಯಾಡ್ಸಾಕ ಹೆದರ್ತಾರ" ಎಂದ.

ಶಕೀಲಾ ಅವನ ಹೆಂಡತಿ, ಚೊಚ್ಚಲು. ಚೀಲವನ್ನು ನನ್ನ ಸೈಕಲ್ಲಿಗೆ ಕಟ್ಟಿಕೊಂಡು ಅವನ ಹಿಂದೆ ಹೊರಟೆ. ಕೊನೆಯ ತಂಗು ಮುಟ್ಟುವಷ್ಟರಲ್ಲಿ ಸೈರನ್ ಕೂಗಿತು. ನನ್ನ ಕಾಲುಗಳು ಸೋತಿದ್ದವು. ಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ನೀ ಮುಂದ ಹೋಗಪ್ಪಾ. ನನ್ ಕೈಲಾಗಂಗಿಲ್ಲ."

"ನೀವಿಲ್ದ ನಾ ಹೋಗಿ ಏನ್ ಮಾಡ್ಲವ್ವಾ?" ಎಂದ. ಸಿಟ್ಟಿನಿಂದಲ್ಲ, ನಿಜವಾಗಿಯೇ ಕೇಳಿದ.

ಆಮೇಲೆ ಹೆಗಲ ಟವೆಲ್ ಬಿಚ್ಚಿ, ತನ್ನ ಸೀಟಿಗೂ ನನ್ನ ಹ್ಯಾಂಡಲ್ಲಿಗೂ ಬಿಗಿದ. ತನ್ನ ತಲೆಯ ಬಟ್ಟೆಯನ್ನು ಒದ್ದೆ ಮಾಡಿ ನನ್ನ ತಲೆಗೆ ಸುತ್ತಿದ. ಅವನ ತಲೆಗೆ ಏನೂ ಉಳಿಯಲಿಲ್ಲ. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ. ಒಂಬತ್ತು ಕಿಲೋಮೀಟರು ಅವನು ನನ್ನನ್ನು ಎಳೆದ. ಮೊದಮೊದಲು ಹೆಂಡತಿಯ ವಿಷಯ ಹೇಳುತ್ತಿದ್ದ. ಬರಬರುತ್ತ ಮಾತು ನಿಂತಿತು. ಕೊನೆಗೆ ಅವನ ಬೆನ್ನಿನ ಮೇಲೆ ಬೆವರೂ ಇರಲಿಲ್ಲ. ಬೆವರು ನಿಂತರೆ ಏನೆಂದು ನನಗೆ ಗೊತ್ತಿತ್ತು. "ನಿಲ್ಲಪ್ಪಾ" ಎಂದೆ. ಅವನು ನಿಲ್ಲಲಿಲ್ಲ.

ಮನೆ ಮುಟ್ಟಿದಾಗ ಅವನು ಜಗಲಿಯ ಮೇಲೆ ಒರಗಿಕೊಂಡ. ನೆರೆಯವರಿಗೆ ನೀರು ಸುರಿಯಲು ಹೇಳಿ ನಾನು ಒಳಗೆ ಹೋದೆ. ಮುಕ್ಕಾಲು ಗಂಟೆ ಹಿಡಿಯಿತು. ಹೆಣ್ಣು ಕೂಸು. ಗಟ್ಟಿಯಾಗಿ ಅತ್ತಿತು. ಹೊರಗೆ ಬಂದು ನೋಡಿದರೆ ದಾದಾಪೀರನ ಮೈ ಇನ್ನೂ ಕಾದಿತ್ತು, ಉಸಿರಿರಲಿಲ್ಲ. ನಾನು ಒಳಗೆ ಹೋದ ಸ್ವಲ್ಪ ಹೊತ್ತಿಗೇ ಹೋಗಿದ್ದನಂತೆ.

ಮೂರನೇ ದಿನ ಶಕೀಲಾ ಕೇಳಿದ್ದು ಒಂದೇ ಮಾತು: "ಕೂಸು ಅತ್ತದ್ದು ಅವ್ರಿಗೆ ಕೇಳಿಸ್ತೇನವ್ವಾ?"

"ಕೇಳಿಸ್ತವ್ವಾ. ನಕ್ಕ" ಎಂದೆ.

ಈ ಸುಳ್ಳನ್ನು ಇಲ್ಲಿ ಯಾರ ಹತ್ತಿರವೂ ಹೇಳಲಾರೆ. ನೀವು ದೂರದವರು, ಅದಕ್ಕೆ ನಿಮಗೆ ಬರೆದೆ. ಈಗಲೂ ಆ ಹಾದಿಯಲ್ಲಿ ಹೋಗುತ್ತೇನೆ, ಬೇರೆ ಹಾದಿಯಿಲ್ಲ. ಬಹಳ ದಣಿದಿದ್ದೇನೆ. ಈ ಕಾಗದವನ್ನು ನಿಮ್ಮ ಮಕ್ಕಳಿಗೆ ಕೊಡಿ, ಅವರು ಅವರ ಮಕ್ಕಳಿಗೆ ಕೊಡಲಿ. ಹಳಿ ಕೀಳುವವರ ಕೈ ಸೇರುವವರೆಗೆ ಎಲ್ಲಿಯೂ ಕಳೆಯಬೇಡಿ. ಅವರಿಗೆ ನನ್ನ ಹೆಸರಿನಲ್ಲಿ ಹೇಳಿ: ಯಂತ್ರ ಹೊಲದ ಕಡೆಯಿಂದ ಬರಲಿ, ಹೊಳೆಯ ಕಡೆಯ ಒಂದು ಸಾಲು ಮರವನ್ನು ಕಡಿಯದೆ ಬಿಡಿ.