ಬೀಟಾದಲ್ಲಿ ಬಂದ ಕುಜ

12-5-07, ಶನಿವಾರ
ಕಾಫಿ ಆಯ್ತು. ಕರೆಂಟ್ ಇದೆ. ಬೇಸಿಗೆ ರಜ — ಸ್ಕೂಲಿಲ್ಲ, ಬೆಲ್ಲಿಲ್ಲ. ಬೆಳಗ್ಗೆಯಿಂದ ಜಾತಕದ್ದೇ ಪ್ರಿಂಟು. ಮದುವೆ ಸೀಸನ್ ಬಂದ್ರೆ ಚಿಂತಾಮಣಿಯ ಹೆಣ್ಣು ಹೆತ್ತೋರೆಲ್ಲ ನಮ್ಮ ಬಾಗಿಲಿಗೇ. ಸತ್ಯಮೂರ್ತಿ ಮೇಷ್ಟ್ರ ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತಾರೆ. ಕೇಳೋಕೆ ಹಿತವಾಗೇ ಇರುತ್ತೆ, ಇಲ್ಲ ಅನ್ನಲ್ಲ.

ಜಾತಕದ ಸಾಫ್ಟ್‌ವೇರ್‌ನೋರು ಹೊಸ ವರ್ಷನ್ ಬಿಟ್ಟಿದ್ದಾರೆ. ಬೀಟಾ ಅಂತೆ. ಫ್ರೀ. ಬಣ್ಣದ ಕುಂಡಲಿ ಬರುತ್ತೆ. ಶ್ರೀವಲ್ಲಿ ಬೇಡ ಅಂದ್ಲು. ಬೀಟಾ ಅಂದ್ರೆ ಇನ್ನೂ ಟೆಸ್ಟಿಂಗ್ ಮಾವ, ಹಳೇದು ಚೆನ್ನಾಗೇ ಇದೆಯಲ್ಲ ಅಂತ. ಅಕ್ಕ ತೀರಿಹೋದಾಗ ಎತ್ಕೊಂಡು ಬಂದ ಕೂಸು, ಈಗ ನನಗೇ ಬುದ್ಧಿ ಹೇಳುತ್ತೆ. ಇಂಗ್ಲಿಷ್‌ನಲ್ಲೂ ಏನೋ ಬಂತು — ಮುಖ್ಯ ಕೆಲಸಕ್ಕೆ ಬಳಸಬೇಡಿ, ಹಳೇ ಫೈಲ್ ಕಾಪಿ ಇಟ್ಕೊಳ್ಳಿ... ಜಾತಕ ತೆಗೆಯೋದೇನು ರಾಕೆಟ್ ಬಿಡೋ ಕೆಲಸವಾ? ನೆಕ್ಸ್ಟ್, ನೆಕ್ಸ್ಟ್, ಫಿನಿಶ್.

13-5-07, ಭಾನುವಾರ
ಗೌರಿಬಿದನೂರಿನಿಂದ ಕೃಷ್ಣಮೂರ್ತಿಯವರು ಬಂದಿದ್ರು. ಮಗ ಕಶ್ಯಪ್‌ಗೆ ನಮ್ಮ ಶ್ರೀವಲ್ಲಿನ ಕೇಳಿಕೊಂಡು. ಹುಡುಗ ಹುಡುಗಿ ನೋಡಿ ಒಪ್ಪಿ ಆಗಿದೆ. ಫೋನಲ್ಲಿ ಮಾತೂ ನಡೀತಿದೆ, ನನಗೇನು ಗೊತ್ತಾಗಲ್ವಾ. ಜಾತಕ ಒಂದೇ ಬಾಕಿ. ಗಂಡು ಗೊತ್ತಾಗೋವರೆಗೂ ಮನೆ ಹೆಣ್ಣಿನ ಜಾತಕ ಬಿಚ್ಚಬೇಡಿ ಅಂತ ನನ್ನವಳು ಕನಕಲಕ್ಷ್ಮಿ ಹಿಡಿದ ಪಟ್ಟು, ಹಾಗಾಗಿ ಶ್ರೀವಲ್ಲಿದು ತೆಗೆದೇ ಇರಲಿಲ್ಲ. ಎರಡೂ ನೀವೇ ತೆಗೆದುಬಿಡಿ ಅಂದ್ರು ಅವರು. ಬೀಟಾದಲ್ಲೇ ತೆಗೆದೆ. ಜಂಬಕ್ಕೆ.

ಹುಡುಗಂದು ಶುದ್ಧ. ಇವಳದ್ದು — ಎಂಟನೇ ಮನೇಲಿ ಕುಜ. ಕುಜದೋಷ. ಮತ್ತೆ ತೆಗೆದೆ. ಅದೇ. ಪ್ರಿಂಟರ್ ಪಕ್ಕದಲ್ಲೇ ನಿಂತಿದ್ರು, ಮುಚ್ಚಿಡೋಕೂ ಆಗ್ಲಿಲ್ಲ. ಮನೇಲಿ ಕೇಳಿ ಹೇಳ್ತೀವಿ ಅಂದು ಎದ್ರು. ಆ ಮಾತಿನ ಅರ್ಥ ನನಗೆ ಗೊತ್ತು.

17-5-07
ಗೌರಿಬಿದನೂರಿನಿಂದ ಫೋನ್ ಬಂತು. ಹುಡುಗನ ಆಯಸ್ಸಿನ ಪ್ರಶ್ನೆ, ತಪ್ಪು ತಿಳ್ಕೋಬೇಡಿ ಅಂದ್ರು. ಮುಗೀತು.

ಕನಕ ನನ್ನ ಹತ್ರ ಮಾತಾಡ್ತಿಲ್ಲ. ಶ್ರೀವಲ್ಲಿ ಮಾಮೂಲಾಗೇ ಇದಾಳೆ, ಅದೇ ನನಗೆ ಭಯ. ಫೋನ್ ರಿಂಗಾದ್ರೆ ಒಳಗಿಂದ ಓಡಿ ಬರ್ತಿದ್ದೋಳು, ಈಗ ತಲೆನೇ ಎತ್ತಲ್ಲ. ಊರಿಗೆಲ್ಲ ಗೊತ್ತಾಗಿದೆ. ತರಕಾರಿ ಮಾರೋ ಮುನಿಶಾಮಿ ಮಾರ್ಕೆಟ್‌ನಲ್ಲಿ ಎಲ್ಲರೆದುರಿಗೆ ತೆಲುಗಿನಲ್ಲೇ ಕೇಳಿಬಿಟ್ಟ — ನಿಮ್ಮನೆ ಹುಡುಗಿಗೆ ದೋಷ ಅಂತೆ, ನಿಜವಾ ಸಾರ್ ಅಂತ. ಟೊಮೇಟೊ ಅಲ್ಲೇ ಬಿಟ್ಟು ಬಂದೆ.

24-5-07, ಗುರುವಾರ
ಬರೆಯೋಕೆ ಕೈ ಬಂದಿರಲಿಲ್ಲ. ಇವತ್ತು ಬರೀಲೇಬೇಕು.

ಸುಮ್ನೆ ಕೂರಲಾರದೆ ನನ್ನ ಜಾತಕ ತೆಗೆದೆ. ಕನ್ಯಾ ಲಗ್ನ ಅಂತು. ಅಯ್ಯೋ ಇದರ ಮನೆ ಹಾಳಾಗ... ನಂದು ಸಿಂಹ ಲಗ್ನ. ಅಪ್ಪ ಬರೆದಿಟ್ಟಿದ್ದು. ಹಳೇ ಸಾಫ್ಟ್‌ವೇರೂ ಅದನ್ನೇ ಹೇಳ್ತಿತ್ತು. ಪಂಚಾಂಗ ತೆಗೆದು ಕೈಲಿ ಲೆಕ್ಕ ಹಾಕಿದೆ. ಸಿಂಹನೇ. ಸೆಟ್ಟಿಂಗ್ಸ್ ಎಲ್ಲ ಕೆದಕಿದೆ. ನಮ್ಮ ಟೈಮು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ತಾನೇ? ಈ ಬೀಟಾ ಐದೇ ಗಂಟೆ ಹಿಡಿದಿದೆ. ಅರ್ಧ ಗಂಟೆ ನುಂಗಿಬಿಟ್ಟಿದೆ. ಲಗ್ನ ಜಾರಿದೆ, ಮನೆಗಳೂ ಜಾರಿವೆ.

ಶ್ರೀವಲ್ಲಿದು ಕೈಲಿ ಹಾಕಿದೆ. ಕುಜ ಒಂಬತ್ತರಲ್ಲಿ. ದೋಷ ಇಲ್ಲ. ಇಲ್ಲವೇ ಇಲ್ಲ. ಅತ್ತುಬಿಟ್ಟೆ.

ಆಮೇಲೆ ಹೊಳೀತು — ಉಳಿದೋರು? ಪೆರೇಸಂದ್ರದ ನಲ್ಲಪ್ಪ ನಾನು ಬೀಟಾದಲ್ಲಿ ತೆಗೆದುಕೊಟ್ಟ ಹಾಳೆ ನಂಬಿಕೊಂಡು ಮಗಳ ಮದುವೇನೇ ಮುಗಿಸಿದಾನೆ. ಹಳೇ ವರ್ಷನ್ ಹಾಕಿ ಎಲ್ಲರದ್ದೂ ನೋಡೋಣ ಅಂದ್ರೆ, ಬೀಟಾ ಫೈಲುಗಳನ್ನೆಲ್ಲ ತನ್ನ ಥರಕ್ಕೆ ತಿರುಗಿಸ್ಕೊಂಡಿದೆ. ಹಳೇದರಲ್ಲಿ ಒಂದೂ ಓಪನ್ ಆಗಲ್ಲ. ಕಾಪಿ ಇಟ್ಟಿಲ್ಲ. ಯಾರಿಗೆ ಹೇಳಲಿ, ಹೇಗೆ ಹೇಳಲಿ.

25-5-07, ಬೆಳಗ್ಗೆ
ಕಶ್ಯಪ್‌ದೂ ಕೈಲಿ ಹಾಕಿದೆ. ಹಾಕಬಾರದಿತ್ತು. ಬೀಟಾದಲ್ಲಿ ಆರರಲ್ಲಿದ್ದ ಕುಜ ನಿಜವಾಗಿ ಏಳರಲ್ಲಿ ಕೂತಿದಾನೆ. ದೋಷ ಇವಳಿಗಲ್ಲ, ಹುಡುಗನಿಗೆ.

ಹೇಳಿದ್ರೆ ಸಂಬಂಧ ಮತ್ತೆ ಮುರಿಯುತ್ತೆ. ಹೇಳದೆ ಕೊಟ್ರೆ... ನಾಳೆ ಅವಳಿಗೇನಾದ್ರೂ ಆದ್ರೆ? ನಾನು ಇದನ್ನೆಲ್ಲ ನಂಬೋ ಮನುಷ್ಯ. ನಂಬದೇ ಇದ್ದಿದ್ರೆ ಸುಖವಾಗಿ ಇರ್ತಿದ್ದೆ.

ಅದೇ ದಿನ, ಮಧ್ಯಾಹ್ನ
ಗೌರಿಬಿದನೂರಿಗೆ ಫೋನ್ ಮಾಡಿದೆ. ಸಾಫ್ಟ್‌ವೇರ್ ತಪ್ಪು, ನಮ್ಮ ಹುಡುಗಿಗೆ ದೋಷ ಇಲ್ಲ ಅಂದೆ. ಕೃಷ್ಣಮೂರ್ತಿಯವರ ದನಿ ಬೆಣ್ಣೆ ಆಯ್ತು. ಭಾನುವಾರ ಬರ್ತೀವಿ ಅಂದ್ರು. ಹುಡುಗಂದು ಅವರು ಕೇಳಲಿಲ್ಲ. ನಾನು ಬಾಯಿ ಬಿಡಲಿಲ್ಲ.

26-5-07, ಸಂಜೆ
ಕನಕ ಹೋಳಿಗೆಗೆ ಬೇಳೆ ತರಿಸಿದಾಳೆ. ತಡೀಲಾರದೆ ಶ್ರೀವಲ್ಲಿಗೆ ಹೇಳಿಬಿಟ್ಟೆ, ಎರಡೂ ಜಾತಕದ್ದು. ಬೈತಾಳೆ ಅನ್ಕೊಂಡಿದ್ದೆ. ಬೈಲಿಲ್ಲ.

"ನನಗೆ ದೋಷ ಅಂತ ಗೊತ್ತಾದ ಮೇಲೆ ಕಶ್ಯಪ್ ಅವರು ನನಗೆ ಒಂದು ಫೋನೂ ಮಾಡ್ಲಿಲ್ಲ ಮಾವ," ಅಂದ್ಲು. "ಈಗ ಅವರಿಗೇ ಇದೆ ಅಂತ ನಾನೇ ಹೇಳ್ತೀನಿ. ಇದ್ರೂ ಮದುವೆ ಆಗ್ತೀನಿ ಅಂತಲೂ ಹೇಳ್ತೀನಿ. ಏನಂತಾರೆ ಕೇಳೋಣ."

ಬೇಡ ಕಣಮ್ಮ ಅಂದೆ. ಕೇಳ್ಲಿಲ್ಲ. ಫೋನ್ ಇಲ್ಲೇ ಹಾಲ್‌ನಲ್ಲಿ. ನಾನು ತಲೆ ಎತ್ತಲಾರದೆ ಇದರಲ್ಲೇ ಗೀಚ್ತಾ ಕೂತಿದೀನಿ. ಕಶ್ಯಪ್ ಸಿಕ್ಕಿದಾನೆ. ಎಲ್ಲ ಹೇಳಿದ್ಲು, ಪಾಠ ಒಪ್ಪಿಸೋ ಹಾಗೆ, ಒಂದೂ ಬಿಡದೆ. ಆದರೂ ನಾನು ಒಪ್ತೀನಿ ಅಂದ್ಲು. ಕೇಳಿಸ್ತಾ ಇದೆಯಾ ಅಂತ ಎರಡು ಸಲ ಕೇಳಿದ್ಲು.

ರಿಸೀವರ್ ಇಟ್ಟುಬಿಟ್ಲು. ಏನಂದ ಅಂತ ಕೇಳಿದೆ.

"ಒಂದ್ನಿಮಿಷ, ಅಪ್ಪಂಗೆ ಕೊಡ್ತೀನಿ ಅಂದ್ರು."

ಫೋನ್ ರಿಂಗಾಗ್ತಿದೆ. ಕೃಷ್ಣಮೂರ್ತಿಯವರೇ ಇರಬೇಕು. ಕನಕ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದಾಳೆ. ಎತ್ತಬೇಡಿ ಮಾವ ಅಂತಿದಾಳೆ ಶ್ರೀವಲ್ಲಿ. ನಾನು—