ಮಂಗಳವಾರದ ಮನೆಭೇಟಿ

ಅರಕಲಗೂಡು
೧೪-೮-೨೦೦೩

ಪೂಜ್ಯ ಅಯ್ಯನವರಿಗೆ ಕರ್ತನ ನಾಮದಲ್ಲಿ ವಂದನೆಗಳು.

"ಯಾವ ಸೇವೆ ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ?" ಎಂದು ಚರ್ಚ್ ಕಮಿಟಿಯಲ್ಲಿ ಕೇಳಿದಿರಂತೆ. ಬಿಬಿಎಂನಲ್ಲಿ ಮ್ಯಾನೇಜ್‌ಮೆಂಟ್ ಪಾಠದಲ್ಲಿ ನಾನೂ ಓದಿದ ಪ್ರಶ್ನೆ ಅದು. ಆಮೇಲೆ ಮನೆಭೇಟಿಗಳನ್ನು ನಿಲ್ಲಿಸಿದಿರಿ.

ಪ್ರತಿ ಮಂಗಳವಾರ ಬೈಬಲ್ ಓದಿ ಹೇಳಲು ಬರುತ್ತಿದ್ದ ಸುವಾರ್ತಮ್ಮನವರು ನಮ್ಮ ಮನೆಯಲ್ಲಿ ಅದನ್ನು ಓದಿದ್ದು ಕಡಿಮೆ. "ಮಗೀನ ಇಲ್ಕೊಡವ್ವಾ, ನೀನ್ ಒಸಿ ಮನೀಕೋ" ಅನ್ನುತ್ತಿದ್ದರು. ಹೆರಿಗೆಯಾದ ಮೇಲೆ ನಾನು ನಿದ್ದೆ ಮಾಡಿದ್ದು ಆ ಮಂಗಳವಾರಗಳಲ್ಲಿ ಮಾತ್ರ.

ನೆನ್ನೆ ಮಗು ಅಳು ನಿಲ್ಲಿಸಲಿಲ್ಲ. ಎತ್ತಿಕೊಂಡು ಹಿತ್ತಲಿಗೆ ಹೋದವಳು ಬಾವಿಕಟ್ಟೆಯ ಮೇಲೆ ತುಂಬಾ ಹೊತ್ತು ಕೂತಿದ್ದೆ. ಬಾವಿಗೆ ಹಲಗೆ ಹಾಕಿ ಮುಚ್ಚಿಸಿ ಎಂದು ಸಂಜೆ ಇವರಿಗೆ ಹೇಳಿದೆ.

"ಸೊಳ್ಳೆಗಾ?" ಅಂದರು.

ಹೂಂ ಅಂದೆ.

ದಯವಿಟ್ಟು ಈ ಮಂಗಳವಾರ ಸುವಾರ್ತಮ್ಮನವರನ್ನು ಕಳಿಸಿ. ಅವರು ಬರುವುದು ನಿಂತದ್ದು ನನಗೆ ಗೊತ್ತಾಗಿದೆ.

ಇಂತಿ, ನಿಮ್ಮ ಸಭೆಯ
ಪ್ರಮೀಳಾ ಸತ್ಯಾನಂದ