ಮುನಿನಂಜಪ್ಪನವರೂ ನಮ್ಮಪ್ಪನೂ ಎದುರಾದ ಸಂಜೆ

ಉರಿಗಾಂ, ಕೋಲಾರದ ಚಿನ್ನದ ಗಣಿ
ನೀರು ಹಂಚಿಕೆಯ ಐವತ್ತೆರಡನೆಯ ವರ್ಷ, ಎರಡನೆಯ ಬೇಸಿಗೆ
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2196

ನನಗಿಂತ ಬಹಳ ಮುಂಚೆ ಬಾಳುತ್ತಿರುವ ಹಿರಿಯರಿಗೆ,

ಅಮಲಾ ಆರೋಗ್ಯಸ್ವಾಮಿಯ ನಮಸ್ಕಾರಗಳು. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆ ನೋಡಿ ತಿದ್ದಿಕೊಂಡಿದ್ದೇನೆ, ಆದರೂ ಕೆಲವು ಮಾತುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅಂಥವು ಬಂದಾಗ ಅರ್ಥವನ್ನೂ ಜೊತೆಗೇ ಹೇಳುತ್ತೇನೆ. ಬೇರೆ ಬೇರೆ ಕಾಲದ ಇಬ್ಬರು ಹೆವಿವೇಟ್ ಬಾಕ್ಸರುಗಳು ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ನೀವು ಗಂಟೆಗಟ್ಟಲೆ ವಾದ ಮಾಡುತ್ತೀರಂತೆ. ನಮ್ಮಲ್ಲಿ ಅದು ಬರೀ ವಾದವಾಗಿ ಉಳಿಯಲಿಲ್ಲ. ಆಡಿಸಿಯೇ ನೋಡುವ ದಾರಿ ಸಿಕ್ಕಿತು. ನಮ್ಮಪ್ಪನನ್ನು ಹಾಗೆ ಆಡಿಸಿದಾಗ ಏನಾಯಿತೆಂದು ತಿಳಿಸುವುದಕ್ಕೇ ಈ ಕಾಗದ.

ಮೊದಲು ನಮ್ಮ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದು ಬಂತೆಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ತಂಪುಕೇರಿಗೆ ಇಳಿಯುತ್ತದೆ. ಹಳೆಯ ಗಣಿಯ ಮೇಲಿನ ಸುರಂಗಗಳಿಗೆ ಗಾರೆ ಬಳಿದು, ಗಾಳಿ ಹಾಯಿಸಿ ಮನೆ ಮಾಡಿಕೊಂಡಿದ್ದೇವೆ, ಅದೇ ತಂಪುಕೇರಿ. ಒಲೆಯ ಹೊಗೆಗೆ ಒಂದು ಕೊಳವೆ, ಮಕ್ಕಳ ಆಟಕ್ಕೆ ಒಂದು ಅಗಲವಾದ ಗವಿ. ಊಟಕ್ಕೆ ರಾಗಿ ಮುದ್ದೆಯೇ, ಅಕ್ಕಿ ಹಬ್ಬಕ್ಕೆ ಮಾತ್ರ. ಬಿಸಿಲು ಇಳಿದ ಮೇಲೆ ಎಲ್ಲರೂ ಹತ್ತಿ ಬಂದು ನೆರಳಂಗಳದ ಸುತ್ತ ಕೂರುತ್ತೇವೆ. ಅಲ್ಲಿ ತೀರಿಹೋದವರನ್ನೋ ವಯಸ್ಸಾದವರನ್ನೋ ಅವರ ಹಳೆಯ ಚಿತ್ರಗಳಿಂದ, ಮೂಳೆಯ ಅಳತೆಯಿಂದ ಮತ್ತೆ ಮೈಗಟ್ಟಿಸಿ ಬೆಳಕಿನಲ್ಲಿ ನಿಲ್ಲಿಸುತ್ತಾರೆ. ಅದಕ್ಕೆ ನೆರಳು ಅನ್ನುತ್ತೇವೆ. ಅದು ಬೆವರುತ್ತದೆ, ಉಸಿರು ಬಿಡುತ್ತದೆ, ಆದರೆ ಮುಟ್ಟಿದರೆ ಕೈಗೆ ಸಿಗುವುದಿಲ್ಲ.

ನಮ್ಮಪ್ಪ ಆರೋಗ್ಯಸ್ವಾಮಿ ಈ ಊರಿನ ಕೊನೆಯ ಹೆವಿವೇಟ್. ಅವನ ನಂತರ ತಲೆಗೆ ಹೊಡೆಯುವ ಆಟವನ್ನು ಸರ್ಕಾರ ನಿಲ್ಲಿಸಿತು. ಅವನಿಗಿಂತ ನೂರು ವರ್ಷ ಹಿಂದೆ ಇದೇ ಊರಿನ ಆಂಡರ್ಸನ್‌ಪೇಟೆಯಲ್ಲಿ ಮುನಿನಂಜಪ್ಪ ಎಂಬ ಹೆವಿವೇಟ್ ಇದ್ದರು. ಸೋತಿದ್ದು ನೋಡಿದವರೇ ಇಲ್ಲ ಎನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಜಗಳದಲ್ಲೇ ನಾನು ಬೆಳೆದೆ. ಅಪ್ಪನ ಜೀವದ ಗೆಳೆಯ, ಟೀ ಅಂಗಡಿಯ ಗೋವಿಂದ ಮಾಮನೇ ಮುನಿನಂಜಪ್ಪನವರ ಕಡೆ. "ಐದನೇ ರೌಂಡಿಗೆ ನಿನ್ನನ್ನ ಮಲಗಿಸಿಬಿಡ್ತಿದ್ರು ಕಣೋ ಆರೋಗ್ಯ" ಎಂದು ಕೆಣಕುತ್ತಿದ್ದ. ಅಪ್ಪ ನಗುತ್ತಾ, "ಮಲಗಿಸೋಕೆ ಮೊದಲು ನಾನು ಸಿಗಬೇಕಲ್ಲಪ್ಪ" ಅನ್ನುತ್ತಿದ್ದ.

ಆಮೇಲಾಮೇಲೆ ಅಪ್ಪ ಉತ್ತರ ಕೊಡುವುದು ನಿಂತಿತು. ಕೈ ನಡುಗಿ ಮುದ್ದೆ ತಟ್ಟೆಯಾಚೆ ಬೀಳುತ್ತಿತ್ತು. ಅಂಗಿಯ ಗುಂಡಿ ನಾನೇ ಹಾಕಬೇಕಾಯಿತು. ಕೆಲವು ದಿನ ನನ್ನನ್ನು ತನ್ನ ಅಕ್ಕ ಅಂದುಕೊಂಡು, ಅಮ್ಮ ಎಲ್ಲಿ ಎಂದು ಕೇಳುತ್ತಿದ್ದ. ತಿಂದ ಏಟುಗಳು ಈಗ ಕೆಲಸ ಮಾಡುತ್ತಿವೆ ಎಂದರು ವೈದ್ಯರು.

ಹೀಗಿರುವಾಗ ನೆರಳು ಕಟ್ಟುವ ತಸ್ಲೀಮಾ ನಮ್ಮ ಮನೆಗೆ ಬಂದಳು. ಅಪ್ಪನ ಮೂಳೆಯ ಅಳತೆ ಕೊಟ್ಟರೆ ಅವನನ್ನು ಮುನಿನಂಜಪ್ಪನವರ ಎದುರು ನಿಲ್ಲಿಸಬಹುದು ಎಂದಳು. ಒಳ್ಳೆಯ ಹೆಂಗಸು, ಮುಚ್ಚುಮರೆ ಮಾಡಲಿಲ್ಲ. "ಅಕ್ಕಾ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನೆರಳು ಒಂದ್ಸಲ ಎದ್ದು ನಿಂತರೆ ಅದು ಊರಿನ ಸೊತ್ತು. ಆಮೇಲೆ ಬೇಡ ಅಂದರೆ ಆಗಲ್ಲ."

ನಾನು ಅಪ್ಪನನ್ನೇ ಕೇಳಿದೆ. ಅವತ್ತು ಅವನ ಮನಸ್ಸು ತಿಳಿಯಾಗಿತ್ತು. "ಯಾರ ಜೊತೆ?" ಎಂದ. ಹೆಸರು ಹೇಳಿದೆ. ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ. "ಮುನಿನಂಜಪ್ಪನೋರ ಜೊತೆನಾ? ಆಗಲಿ, ಆಗಲಿ." ಆ ಮುಖದಲ್ಲಿ ಅಂಥ ಬೆಳಕು ಕಂಡು ಎಷ್ಟೋ ಕಾಲವಾಗಿತ್ತು. ಅಪ್ಪ ರಿಂಗ್ ಬಿಟ್ಟಾಗ ನಾನು ಕೈಗೂಸು, ಅವನು ಆಡಿದ್ದನ್ನು ಕಣ್ಣಾರೆ ಕಂಡವಳಲ್ಲ. ನನಗೂ ಆಸೆಯಾಯಿತು. ಒಪ್ಪಿದೆ.

ಆ ಸಂಜೆ ನೆರಳಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂಗಾರಪೇಟೆಯಿಂದ, ಮುಳಬಾಗಿಲಿನಿಂದ ಜನ ಬಂದಿದ್ದರು. ಅಪ್ಪನನ್ನು ಮುಂದಿನ ಸಾಲಿನಲ್ಲಿ, ನನಗೂ ಗೋವಿಂದ ಮಾಮನಿಗೂ ನಡುವೆ ಕೂರಿಸಿದೆವು. ಮೊದಲು ಮುನಿನಂಜಪ್ಪನವರು ಬಂದರು, ಬಂಡೆಯಂಥ ಆಳು, ಗಡಿಬಿಡಿಯೇ ಇಲ್ಲದ ನಡಿಗೆ. ಆಮೇಲೆ ನಮ್ಮಪ್ಪ. ಇಪ್ಪತ್ತೊಂಬತ್ತರ ಪ್ರಾಯ, ಹೊಳೆಯುವ ಭುಜ, ಹಗ್ಗ ದಾಟುವಾಗ ಜನರತ್ತ ಬೀರಿದ ಆ ತುಂಟ ನಗೆ. ನನಗಿಂತ ಚಿಕ್ಕವನಾದ ಅಪ್ಪನನ್ನು ಅವತ್ತು ಮೊದಲ ಸಲ ನೋಡಿದೆ.

ಎಂಥ ಆಟ ಆಡಿದರು! ಮುನಿನಂಜಪ್ಪನವರು ಒಂದೊಂದೇ ಹೆಜ್ಜೆ ಇಟ್ಟು ಮೂಲೆಗೆ ಒತ್ತಿಕೊಂಡು ಬರುವರು, ಅಪ್ಪ ಅವರ ಕಂಕುಳ ಕೆಳಗೆ ನುಸುಳಿ ಈಚೆ ಬಂದು ಎಡಗೈಯಲ್ಲಿ ಎರಡು ಕೊಟ್ಟು ಜಾರಿಬಿಡುವನು. ಗೋವಿಂದ ಮಾಮನ ಐದನೇ ರೌಂಡು ಕಳೆಯಿತು, ಆರೂ ಕಳೆಯಿತು. ಮಾಮ ತನ್ನ ಪಕ್ಷವನ್ನೇ ಮರೆತು, "ಭಲೇ ಆರೋಗ್ಯ!" ಎಂದು ಎದ್ದು ನಿಂತು ಕೂಗುತ್ತಿದ್ದ.

ಒಂಬತ್ತನೇ ರೌಂಡಿನಲ್ಲಿ ಅಪ್ಪನ ನೆರಳು ಮುಖಕ್ಕೆ ಅಡ್ಡ ಹಿಡಿದಿದ್ದ ಎಡಗೈ ತುಸು ಕೆಳಗಿಳಿಯಿತು. ಏಟು ಬಿತ್ತು. ಕೈ ಮೇಲೇರಿತು, ಮತ್ತೆ ಇಳಿಯಿತು. ಮತ್ತೆ ಏಟು. ಜನ ಹುಚ್ಚೆದ್ದು ಕೂಗುತ್ತಿದ್ದರು. ಪಕ್ಕದ ಕುರ್ಚಿ ಖಾಲಿಯಾಗಿದ್ದು ನನಗೆ ಆಗ ಗೊತ್ತಾಯಿತು. ಅಪ್ಪ ಕಾಲೆಳೆದುಕೊಂಡು ಅಂಗಳಕ್ಕೆ ಇಳಿದುಬಿಟ್ಟಿದ್ದ. ಬೆಳಕಿನೊಳಗೆ ಹೋಗಿ ಇಬ್ಬರ ನಡುವೆ, ಆ ಹುಡುಗನಿಗೆ ಅಡ್ಡವಾಗಿ, ನಡುಗುವ ಕೈಗಳನ್ನು ಎತ್ತಿ ನಿಂತ. ಮುನಿನಂಜಪ್ಪನವರ ಏಟು ಅವನ ಮೈಯನ್ನು ಹಾದು ಹಿಂದಿದ್ದ ನೆರಳಿಗೆ ತಗಲುತ್ತಿತ್ತು.

"ಸಾಕು ಬಿಡಿ ಸಾರ್" ಎಂದು ಅಪ್ಪ ಮುನಿನಂಜಪ್ಪನವರಿಗೆ ಕೈಮುಗಿದ. "ಹುಡುಗನಿಗೆ ತಲೆ ನೋಯ್ತಾ ಇದೆ. ಹೇಳಿದ್ರೆ ಆಟದಿಂದ ತೆಗೆದುಹಾಕ್ತಾರೆ ಅಂತ ಯಾರಿಗೂ ಹೇಳಿಲ್ಲ ಅವನು."

ಗಲಾಟೆ ನಿಂತುಹೋಯಿತು. ತಸ್ಲೀಮಾ ಓಡಿಬಂದು ಬೆಳಕು ಆರಿಸಿದಳು. ನಾನೂ ಗೋವಿಂದ ಮಾಮನೂ ಅಪ್ಪನ ತೋಳು ಹಿಡಿದು ಕರೆತಂದೆವು. ಹಿಂದಿನ ಸಾಲಿನಿಂದ ಯಾರೋ, "ಗೆದ್ದದ್ದು ಯಾರು ಅಂತ ಹೇಳಿಬಿಡಿ!" ಎಂದರು. ಉಳಿದ ಆಟವನ್ನು ಯಂತ್ರ ತನ್ನೊಳಗೇ ಲೆಕ್ಕ ಹಾಕಬಲ್ಲದು, ಉತ್ತರ ತಸ್ಲೀಮಾಳ ಮುಂದೆಯೇ ಇತ್ತು. ಅವಳು ಗೋವಿಂದ ಮಾಮನ ಮುಖ ನೋಡಿದಳು. ಬದುಕಿನುದ್ದಕ್ಕೂ ಅದೊಂದೇ ಪ್ರಶ್ನೆ ಹಿಡಿದುಕೊಂಡು ಬಂದ ಮನುಷ್ಯ. "ನನಗೆ ಬೇಡಮ್ಮ. ಇವನ ಜೊತೆ ದಿನಾ ಟೀ ಕುಡೀತಿದ್ದೆ, ತಲೆ ನೋವಾ ಅಂತ ಒಂದು ದಿನಾನೂ ಕೇಳಲಿಲ್ಲ ನಾನು" ಎಂದು ಬಿಕ್ಕಿಬಿಕ್ಕಿ ಅತ್ತ.

ನೆರಳನ್ನು ಅಳಿಸಿ ಎಂದು ಪಂಚಾಯಿತಿಯಲ್ಲಿ ಬೇಡಿಕೊಂಡೆ. ತಸ್ಲೀಮಾ ನನ್ನ ಪರವಾಗಿ ಮಾತಾಡಿದಳು. ಆದರೆ ಅಷ್ಟು ಹೊತ್ತಿಗೆ ಅದು ಬೇರೆ ಊರುಗಳಿಗೆ ಹೋಗಿಯಾಗಿತ್ತು. ಆ ಬೇಸಿಗೆ ಮುಗಿಯುವ ಮುನ್ನ ಅಪ್ಪ ನಿದ್ದೆಯಲ್ಲೇ ತೀರಿಕೊಂಡ. ಅವನ ನೆರಳನ್ನು ಈಗಲೂ ಚೆನ್ನೈನಲ್ಲಿ, ಕೊಲ್ಹಾಪುರದಲ್ಲಿ ಯಾವ ಯಾವುದೋ ಕಾಲದ ಹೆವಿವೇಟುಗಳ ಎದುರು ನಿಲ್ಲಿಸುತ್ತಾರೆ. ಕೆಲವೊಮ್ಮೆ ಗೆಲ್ಲುತ್ತಾನಂತೆ. ಗೆದ್ದ ದಿನವೂ ಆ ಎಡಗೈ ಇಳಿಯುತ್ತದೆ. ನಾನು ನೋಡಲು ಹೋಗುವುದಿಲ್ಲ.

ಅಪ್ಪನಿಗಾಗಿ ನಿಮ್ಮಿಂದ ಆಗಬೇಕಾದದ್ದು ಏನೂ ಇಲ್ಲ. ಆದರೆ ಮುನಿನಂಜಪ್ಪನವರು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿಲ್ಲ. ಅವರ ತಾಯಿ ಈಗ ನಿಮ್ಮ ಆಂಡರ್ಸನ್‌ಪೇಟೆಯ ಯಾವುದೋ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿರಬಹುದು. ಅವರು ಸೋಲಲಿಲ್ಲ ಎಂದಷ್ಟೇ ನಮಗೆ ಗೊತ್ತು. ಕೊನೆಗಾಲ ಹೇಗಿತ್ತು, ಮನೆಯ ದಾರಿ ನೆನಪಿತ್ತೋ ಇಲ್ಲವೋ, ಹುಡುಕಿದರೂ ಸಿಗಲಿಲ್ಲ. ಯಾರೂ ಬರೆದಿಡಲಿಲ್ಲ. ನಿಮ್ಮ ಮಕ್ಕಳಿಗೆ, ಅವರ ಮಕ್ಕಳಿಗೆ ಹೇಳಿಡಿ: ಆ ಊರಿನಲ್ಲಿ ಅಂಥ ಒಬ್ಬ ದೊಡ್ಡ ಆಳು ಗೆದ್ದು ರಿಂಗಿನಿಂದ ಇಳಿದು ಬಂದಾಗ ಭುಜ ತಟ್ಟುವವರು ಬೇಕಾದಷ್ಟು ಜನ ಇರುತ್ತಾರೆ. ಅವರೆಲ್ಲ ಹೋಗುವವರೆಗೆ ಕಾದು ನಿಂತು, ತಲೆ ನೋಯುತ್ತಿದೆಯಾ ಅಣ್ಣಾ ಎಂದು ಒಮ್ಮೆ ಕೇಳಲಿ. ಅವರು ಇಲ್ಲ ಎಂದೇ ಅನ್ನುತ್ತಾರೆ. ಇನ್ನೊಮ್ಮೆ ಕೇಳಲಿ.

ನಿಮ್ಮ ಮುಂದಿನವಳು,
ಅಮಲಾ